ಎರಡನೇ ಲೋಟ

ನಮ್ಮ ಅಕ್ಕ ಇಪ್ಪತ್ತೆರಡು ವರ್ಷ ತೆಂಗಿನಕಾಯಿ ಬಾಯಿಗೆ ಹಾಕಿರಲಿಲ್ಲ. ಬೇರೆ ಸೀಮೆಯವರಿಗೆ ಇದನ್ನು ಹೇಳಿದರೆ ಅದರಲ್ಲೇನು ಮಹಾ ಅನ್ನಬಹುದು. ತಿಪಟೂರಿನ ಸುತ್ತಮುತ್ತ ಹೇಳಿ ನೋಡಿ, ಕೇಳಿದವರು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ. ನಮ್ಮಲ್ಲಿ ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಉಪ್ಪಿಟ್ಟಿಗೆ ಕಾಯಿ, ಹಬ್ಬ ಬಂದರೆ ಹೋಳಿಗೆಗೂ ಕಾಯಿ. ಅಂಥ ಕಡೆ ಒಬ್ಬ ಹೆಂಗಸು ಕಾಯಿ ಬಿಟ್ಟು ಬದುಕುವುದೆಂದರೆ, ಪ್ರತಿ ಮದುವೆ ಮನೆಯಲ್ಲೂ ಬರೀ ಮಜ್ಜಿಗೆ ಅನ್ನ ಉಂಡು ಎದ್ದು ಬರುವುದು.

ಬಿಟ್ಟಿದ್ದು ನನಗಾಗಿ.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇಪ್ಪತ್ತೊಂದು ವರ್ಷದ ತನಕ ಮರ ಹತ್ತಿ ಕಾಯಿ ಕೀಳುವುದೇ ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಮಂಜಿಗೆ ನೆನೆದ ಮರದಿಂದ ಜಾರಿ ಬಿದ್ದೆ. ಸೊಂಟ ಮುರಿಯಿತು. ಇನ್ನು ನಡೆಯುವುದು ಅನುಮಾನ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದರು. ಏಳು ತಿಂಗಳು ಮಲಗಿದಲ್ಲೇ ಎಲ್ಲ. ಅವ್ವ ಆಗಲೇ ತೀರಿಕೊಂಡಿದ್ದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ನಮ್ಮೂರಿಗೇ ಕೊಟ್ಟಿದ್ದರು. ದಿನಕ್ಕೆರಡು ಸಲ ಬಂದು ನನ್ನ ಮೈ ತೊಳೆದಳು, ಹಾಸಿಗೆ ಬದಲಾಯಿಸಿದಳು, ತುತ್ತು ಮಾಡಿ ತಿನ್ನಿಸಿದಳು. ಕೊನೆಗೆ ಊರಮ್ಮನ ಗುಡಿಯ ಮುಂದೆ ನಿಂತು, ಇವನು ಎದ್ದು ನಡೆದರೆ ನಾನಿನ್ನು ಕಾಯಿ ತಿನ್ನುವುದಿಲ್ಲ ಎಂದು ಹರಕೆ ಹೊತ್ತಳು. ನಾನು ಎದ್ದು ನಡೆದೆ. ಎಡಗಾಲು ಸ್ವಲ್ಪ ಎಳೆಯುತ್ತದೆ, ಅಷ್ಟೆ.

ಎಂಥಾ ಅಕ್ಕ ಎಂದು ನೀವು ಅನ್ನುತ್ತೀರಿ. ಮೊದಲ ಎರಡು ಮೂರು ವರ್ಷ ನಾನೂ ಅಂದೆ. ಆಮೇಲೆ ಸಿಟ್ಟು ಬರತೊಡಗಿತು. ಪಂಕ್ತಿಯಲ್ಲಿ ಕೋಸಂಬರಿ ಬಂದರೆ ಅಕ್ಕ ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ. ಪಕ್ಕದವರು ಯಾಕೆ ಎನ್ನುತ್ತಾರೆ. ಅಕ್ಕ ಗದ್ದ ಎತ್ತಿ ನನ್ನ ಕಡೆ ತೋರಿಸುತ್ತಾಳೆ. ಇಡೀ ಸಾಲು ತಿರುಗಿ ನನ್ನ ಕಾಲು ನೋಡುತ್ತದೆ. ಅಕ್ಕ ಬರುತ್ತಾಳೆಂದರೆ ನನ್ನ ಹೆಂಡತಿ ಎರಡು ಪಾತ್ರೆಯಲ್ಲಿ ಸಾರು ಮಾಡಬೇಕು. ಒಂದು ಸಲ ನಾನು ಕಿಬ್ಬನಹಳ್ಳಿಯಲ್ಲಿ ಸ್ವಲ್ಪ ಕುಡಿದು ಬಸ್ಸಿಳಿದಾಗ, ಕಟ್ಟೆಯ ಮೇಲೆ ಕೂತಿದ್ದ ಒಬ್ಬ, "ನಿಮ್ಮಕ್ಕ ನಿಂಗೋಸ್ಕರ ಕಾಯಿ ಬಿಟ್ಟವ್ಳೆ, ನೀನು ಎಣ್ಣೆ ಬಿಡಕ್ಕಾಗಲ್ವೇನ್ಲಾ?" ಎಂದ. ಎಲ್ಲರೂ ನಕ್ಕರು. ಬೇರೆಯವರು ಕುಡಿದರೆ ಕುಡಿದರು, ಹೆಂಡತಿಯ ಜೊತೆ ಜಗಳವಾಡಿದರೆ ಆಡಿದರು. ನಾನು ಏನು ಮಾಡಿದರೂ ಅಕ್ಕನ ಹರಕೆಯ ಎದುರು ನಿಂತು ಲೆಕ್ಕ ಒಪ್ಪಿಸಬೇಕಿತ್ತು.

ಗುಡಿಗೆ ಹೋಗಿ ಹರಕೆ ಬಿಡಿಸಿಕೊಂಡು ಬಾ ಎಂದು ಎಷ್ಟೋ ಸಲ ಕೇಳಿದ್ದೇನೆ. "ನೀನ್ ಇರೋಗಂಟ ನಂದೂ ಇರ್ಲಿ ಬುಡು" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಈಗ ನಾವಿಬ್ಬರೂ ಒಂದೇ ಕೊಬ್ಬರಿ ಶೆಡ್ಡಿನಲ್ಲಿ ದುಡಿಯುತ್ತೇವೆ. ವರ್ಷದಷ್ಟು ಕಾಲ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ನಾನು ಸುಲಿಯುತ್ತೇನೆ. ಅಕ್ಕ ಸಣ್ಣ ಮಚ್ಚಿನ ಹಿಂಬದಿಯಿಂದ ಚಿಪ್ಪು ತಟ್ಟಿ, ಒಳಗಿನ ಕೊಬ್ಬರಿಯನ್ನು ಒಡೆಯದಂತೆ ಉಂಡೆಯಾಗಿ ತೆಗೆಯುತ್ತಾಳೆ. ಅವಳ ಕೈಯಲ್ಲಿ ಉಂಡೆ ಒಡೆಯುವುದು ಅಪರೂಪ. ದಿನವೆಲ್ಲ ಕೊಬ್ಬರಿಯ ಧೂಳು ಅವಳ ಸೀರೆಯಲ್ಲಿ, ಕೂದಲಲ್ಲಿ, ಮೂಗಿನಲ್ಲಿ. ಆದರೆ ನಾಲಗೆಗೆ ಮಾತ್ರ ಇಲ್ಲ.

ಹೋದ ವರ್ಷ ಶೆಡ್ಡಿನ ಯಜಮಾನರು ಕೆಲಸದವರನ್ನೆಲ್ಲ ಬೆಂಗಳೂರಿನ ಆಚೆ ಇರುವ ಒಂದು ಥೀಮ್ ಪಾರ್ಕಿಗೆ ಕರೆದುಕೊಂಡು ಹೋದರು. ಹೆಂಡತಿ ಹಸು ಕರು ಹಾಕುವ ದಿನ ಎಂದು ಮನೆಯಲ್ಲಿ ಉಳಿದಳು. ನಾನು, ಅಕ್ಕ, ಪಿಯುಸಿ ಓದುವ ನನ್ನ ಮಗಳು ಹೊರಟೆವು. ಗೇಟಿನಲ್ಲೇ ಮೊದಲ ಕಿರಿಕಿರಿ. ಅಕ್ಕ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಹುಚ್ಚೆಳ್ಳು ಪುಡಿಯ ಡಬ್ಬಿಯನ್ನು ಸೆಕ್ಯೂರಿಟಿಯವರು ತೆಗೆದಿಟ್ಟುಕೊಂಡು ಟೋಕನ್ ಕೊಟ್ಟರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. "ಯಾಕಪ್ಪ, ನನ್ನ ರೊಟ್ಟಿ ನಿಮ್ಮ ಚಕ್ರಾನ ಕಚ್ತದಾ?" ಎಂದು ಅಕ್ಕ ಕೇಳಿದಳು. ಅವನು ನಗಲಿಲ್ಲ.

ಆಮೇಲೆ, ಗೇಟಿನಿಂದಲೇ ಕಾಣುತ್ತಿದ್ದ ಆ ದೊಡ್ಡ ತಿರುಗುವ ಚಕ್ರ. ಬೇಡ ಬೇಡ ಅಂದರೂ ಮಗಳು ನಮ್ಮಿಬ್ಬರನ್ನೂ ಒಂದು ತೊಟ್ಟಿಲಲ್ಲಿ ಕೂರಿಸಿದಳು. ಚಕ್ರ ಅರ್ಧ ಮೇಲೆ ಹೋಗಿತ್ತು, ಅಕ್ಕ ನನ್ನ ರಟ್ಟೆ ಹಿಡಿದುಕೊಂಡು ಕೆಳಗಿದ್ದವನಿಗೆ ಕೂಗಿದಳು: "ಅಯ್ಯೋ ಇಳಿಸ್ರಪ್ಪೋ! ಇವ್ನು ಒಂದ್ ಸಲ ಬಿದ್ದವ್ನೆ!" ಕೆಳಗೆ ನಮ್ಮ ಶೆಡ್ಡಿನವರೆಲ್ಲ ಇದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಲ್ಲಿ ಹೋದರೂ ಅದೇ ಮಾತು. ಮೆಟ್ಟಿಲು ಹತ್ತಿದರೆ, "ಹುಷಾರು, ಒಂದ್ ಸಲ ಬಿದ್ದವ್ನೆ." ಬೆಂಚಿನ ಮೇಲೆ ಕೂತರೆ, "ಹಿಡ್ಕಳ್ರೋ, ಒಂದ್ ಸಲ ಬಿದ್ದವ್ನೆ." ನನ್ನ ಮಗಳೂ ನಕ್ಕಳು. ನಲವತ್ತಮೂರು ವರ್ಷದ ಗಂಡಸು ನಾನು.

ಮಧ್ಯಾಹ್ನ ನಮ್ಮವರೆಲ್ಲ ಊಟದ ಮನೆಗೆ ನುಗ್ಗಿದರು. ಅಕ್ಕ ಒಂದೊಂದು ಪಾತ್ರೆಯ ಮುಂದೂ ನಿಂತು ಕಾಯಿ ಹಾಕಿದ್ದೀರಾ ಎಂದು ಕೇಳಿದಳು. ಸಾಂಬಾರಿಗೆ ಹಾಕಿದ್ದರು, ಪಲ್ಯಕ್ಕೆ ಹಾಕಿದ್ದರು, ಪಾಯಸಕ್ಕೂ ಹಾಕಿದ್ದರು. ಮೊಸರನ್ನ ಮುಗಿದಿತ್ತು. ಹಿಂದಿನ ಸಾಲಿನವರು ಬೇಗ ಬನ್ನಿ ಎಂದು ಗೊಣಗಿದರು. ಆಗ ಮಗಳು ಓಡಿ ಬಂದು, "ಅತ್ತೆ, ಆಚೆ ಮೆಕ್ಸಿಕೋ ಹೋಟ್ಲು ಐತೆ. ಅಲ್ಲಿ ಎಲ್ಲ ಕಾಳು, ರೊಟ್ಟಿ, ಟೊಮೆಟೊ. ಕಾಯಿ ಇಲ್ಲ, ಕೇಳ್ಕೊಂಡ್ ಬಂದೆ" ಎಂದಳು.

ಹೋಟೆಲ್ಲಿನ ಬಾಗಿಲಲ್ಲಿ ಪಾಪಾಸುಕಳ್ಳಿ ನಿಂತಿತ್ತು. ಮುಟ್ಟಿದರೆ ಪ್ಲಾಸ್ಟಿಕ್ಕು. ಚಿಕ್ಕನಾಯಕನಹಳ್ಳಿ ಗುಡ್ಡದ ಮೇಲೆ ಕುರಿ ಕೂಡ ಮೂಸದ ಗಿಡವನ್ನು ಇವರು ದುಡ್ಡು ಕೊಟ್ಟು ಮಾಡಿಸಿ ಬಣ್ಣ ಹೊಡೆಸಿದ್ದರು. "ಇವರ ದೇಶದಾಗೂ ಕಳ್ಳಿನೇ ಬೆಳೆಯೋದಾ? ಪಾಪ" ಎಂದಳು ಅಕ್ಕ. ಗೋಡೆಯ ಮೇಲೆ ಮೊರದಗಲದ ಟೋಪಿಗಳು. ಎಸಿಗೆ ಅಕ್ಕ ಸೆರಗು ಹೊದ್ದು ಕೂತಳು.

ಬಡಿಸುವ ಹುಡುಗಿ ಕನ್ನಡದವಳೇ. ಮಗಳು ಅವಳಿಗೆ, "ಇವರಿಗೆ ಕಾಯಿ ಆಗಲ್ಲ" ಎಂದಳು.

"ಅಲರ್ಜಿನಾ ಅಮ್ಮ?"

"ಅಲರ್ಜಿ ಅಲ್ಲ ಕಣವ್ವ, ಹರಕೆ" ಎಂದು ಅಕ್ಕ ಶುರು ಮಾಡಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ನಿಲ್ಲಿಸಲಿಲ್ಲ. "ಇವ್ನೇ ನನ್ ತಮ್ಮ. ಮರದಿಂದ ಬಿದ್ದ. ಏಳು ತಿಂಗ್ಳು ಹಾಸಿಗೇಲೇ ಎಲ್ಲ ಮಾಡ್ಕತಿದ್ದ ಕಣವ್ವ, ಎಳೆ ಕೂಸಿನ ಥರ. ನಾನೇ ತೊಳೀತಿದ್ದೆ. ಹೊರಳಿಸಿ ಮಲಗಿಸ್ತಿದ್ದೆ. ಒಂದಿನ ಅವಮಾನ ಆಗಿ ಅಳ್ತಾ ಮಲ್ಗಿದ್ದ..."

"ಸಾಕು ಮಾಡಕ್ಕ" ಎಂದೆ.

"ಇರ್ಲಿ ಬುಡ್ಲಾ, ಕೇಳ್ತಾವ್ಳೆ ಹುಡ್ಗಿ."

ಪಕ್ಕದ ಮೇಜಿನ ಗಂಡ ಹೆಂಡತಿ ತಿರುಗಿ ನೋಡಿದರು. ಮಗಳು ತಲೆ ತಗ್ಗಿಸಿ ಟಿಶ್ಯೂ ಮಡಚುತ್ತಿದ್ದಳು. ನಾನು ಅತ್ತಿದ್ದ ವಿಷಯ ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆ ಹೊತ್ತು ಅಕ್ಕನ ಮೇಲೆ ನನಗೆ ಬಂದ ಸಿಟ್ಟು, ನನ್ನ ಸೊಂಟ ಮುರಿದ ಮರದ ಮೇಲೂ ಬಂದಿರಲಿಲ್ಲ.

ಊಟ ಬಂತು. ಗರಿಗರಿ ರೊಟ್ಟಿಯನ್ನು ಮಡಚಿ ಒಳಗೆ ಕಾಳು ತುಂಬಿದ್ದರು. "ಹಪ್ಪಳಾನ ಮಡಚವ್ರೆ" ಎಂದಳು ಅಕ್ಕ. ಇನ್ನೊಂದರಲ್ಲಿ ಅನ್ನ, ಕಾಳು ಎಲ್ಲವನ್ನೂ ಚಪಾತಿಯೊಳಗೆ ಸುತ್ತಿದ್ದರು. "ತಟ್ಟೆ ತೊಳೆಯಕ್ಕೆ ಸೋಮಾರಿಗಳು ಇರ್ಬೇಕು, ಅನ್ನಾನ ಗಂಟು ಕಟ್ಟವ್ರೆ" ಎಂದು ಮಗಳನ್ನು ನಗಿಸಿದಳು. ಜೊತೆಗೆ ಒಂದು ಬಟ್ಟಲಲ್ಲಿ ಹಸಿರು ಚಟ್ನಿ. ಅದನ್ನು ನೋಡಿದ್ದೇ ಅಕ್ಕ ಬಟ್ಟಲನ್ನು ದೂರ ತಳ್ಳಿದಳು. ಕೊತ್ತಂಬರಿ ಹಾಕಿ ರುಬ್ಬಿದ ಕಾಯಿ ಚಟ್ನಿ ಹೇಗಿರುತ್ತದೋ ಹಾಗೇ ಇತ್ತು. ಮಗಳು, "ಅದು ಬೆಣ್ಣೆಹಣ್ಣು ಅತ್ತೆ, ಕಾಯಿ ಅಲ್ಲ" ಎಂದು ಎಷ್ಟು ಹೇಳಿದರೂ ನಂಬಲಿಲ್ಲ. "ಕೊಬ್ಬರಿ ಶೆಡ್ಡಲ್ಲಿ ಹುಟ್ಟಿ ಬೆಳೆದವ್ಳಿಗೆ ಚಟ್ನಿ ತೋರಿಸ್ತೀಯೇನೇ?" ಎಂದಳು. ಕಾಯಿ ಇಲ್ಲದ್ದನ್ನು ಕಾಯಿ ಎಂದು ಬಿಟ್ಟಳು.

ಬಡಿಸುವ ಹುಡುಗಿ, ಕುಡಿಯಲು ಅಕ್ಕಿಯ ತಂಪು ಪಾನೀಯವಿದೆ, ಅಕ್ಕಿ ನೆನೆಸಿ ರುಬ್ಬಿ ಹಾಲು, ಸಕ್ಕರೆ, ಚಕ್ಕೆ ಹಾಕುತ್ತಾರೆ ಎಂದಳು. ಅಕ್ಕನಿಗೆ ಒಂದು ಹೇಳಿದೆವು. ಮಗಳು ಕೋಲಾ ಹೇಳಿದಳು. ನಾನು ಕೈ ತೊಳೆಯಲು ಎದ್ದೆ.

ಕೈ ತೊಳೆಯುವ ಜಾಗ ಅಡುಗೆಮನೆಯ ಪಕ್ಕದಲ್ಲೇ ಇತ್ತು. ಅರ್ಧ ಬಾಗಿಲಿನ ಮೇಲಿಂದ ಒಳಗೆ ಕಾಣುತ್ತಿತ್ತು. ಒಬ್ಬ ಮಿಕ್ಸಿ ಜಾರಿಗೆ ಅಕ್ಕಿಯ ಹಾಲು ಸುರಿದ. ಆಮೇಲೆ ಒಂದು ರಟ್ಟಿನ ಪ್ಯಾಕೆಟ್ಟು ಎತ್ತಿ ಬಗ್ಗಿಸಿದ. ಪ್ಯಾಕೆಟ್ಟಿನ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಓದಬೇಕಾಗಿಯೂ ಇರಲಿಲ್ಲ. ಅದರ ಮೇಲೆ ಒಡೆದ ತೆಂಗಿನಕಾಯಿಯ ಎರಡು ಹೋಳಿನ ಚಿತ್ರವಿತ್ತು. ಕಾಯಿಹಾಲಿನ ವಾಸನೆ ಬಾಗಿಲ ತನಕ ಬಂತು.

ಅಲ್ಲಿಂದ ನಮ್ಮ ಮೇಜಿಗೆ ಹತ್ತು ಹೆಜ್ಜೆ. ನನಗೆ ಬೇಕಾದಷ್ಟು ಸಮಯವಿತ್ತು. ಬಡಿಸುವ ಹುಡುಗಿಗೆ ಹೇಳಬಹುದಿತ್ತು, ಅವಳಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಅಕ್ಕನಿಗೆ ಹೇಳಬಹುದಿತ್ತು. ನಾನು ಕೈ ಒರೆಸಿಕೊಂಡು ಬಂದು ಕೂತೆ. ಲೋಟ ಬಂತು. ಬಿಳಿಯ ನೊರೆ, ಮೇಲೆ ಚಕ್ಕೆ ಪುಡಿ.

ಕುಡಿ, ಎಂದುಕೊಂಡೆ ಮನಸ್ಸಿನಲ್ಲಿ. ಕುಡಿದು ನೋಡು. ಆಮೇಲೆ ನನ್ನ ಸೊಂಟ ಮತ್ತೆ ಮುರಿಯುತ್ತದೋ ಇಲ್ಲವೋ ನೋಡೇಬಿಡೋಣ. ಮುರಿದರೆ ಮುರಿಯಲಿ. ಮುರಿಯದಿದ್ದರೆ ನಿನ್ನ ಹರಕೆ ಸುಳ್ಳು, ಇಪ್ಪತ್ತೆರಡು ವರ್ಷ ನನ್ನ ತಲೆಯ ಮೇಲೆ ಕೂತಿದ್ದು ಸುಳ್ಳು.

ಅಕ್ಕ ಕುಡಿದಳು. ಬೇರೆ ಯಾರಿಗಾದರೂ ಒಂದೇ ಗುಟುಕಿಗೆ ಗೊತ್ತಾಗುತ್ತಿತ್ತು. ಆದರೆ ಕೊಬ್ಬರಿಯ ವಾಸನೆ ಅವಳ ಮೂಗು ಬಿಟ್ಟು ಯಾವತ್ತು ಹೋಗಿದೆ? ಕೈಯಲ್ಲೇ ಇರುವ ವಾಸನೆ ಲೋಟದಿಂದ ಬಂದರೆ ಅವಳಿಗೆ ಹೇಗೆ ತಿಳಿಯಬೇಕು? ರುಚಿಯಂತೂ ಮರೆತೇ ಹೋಗಿತ್ತು. ಕಣ್ಣು ಮುಚ್ಚಿ ಅರ್ಧ ಲೋಟ ಇಳಿಸಿದಳು.

"ಅಬ್ಬಾ, ಏನ್ ತಂಪು ಕಣ್ಲಾ! ಕರುಳಿಗೆ ಇಳೀತು. ನೀನೂ ಒಂದ್ ಗುಟುಕು ಕುಡಿ."

ಕುಡಿದೆ. ಕಾಯಿಹಾಲು. ಎಳ್ಳಷ್ಟೂ ಅನುಮಾನವಿಲ್ಲ. ಲೋಟವನ್ನು ಅವಳ ಕೈಗೇ ವಾಪಸು ಕೊಟ್ಟೆ. ಅವಳು ತಳದ ತನಕ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೆಲ್ಲಗೆ ಹೇಳಿದಳು: "ಇನ್ನೊಂದ್ ಹೇಳ್ಲಾ. ನಂಗೆ ನಾಚ್ಕೆ ಆಯ್ತದೆ, ನೀನೇ ಹೇಳು."

ಮೊದಲನೆಯದಕ್ಕೆ ನಾನು ಸುಮ್ಮನಿದ್ದೆ, ಅಷ್ಟೆ. ಸುಮ್ಮನಿದ್ದವನಿಗೆ ಏನಾದರೊಂದು ನೆಪ ಸಿಗುತ್ತದೆ. ಎರಡನೆಯದಕ್ಕೆ ನಾನು ಕೈ ಎತ್ತಿದೆ, ಹುಡುಗಿಯನ್ನು ಕರೆದೆ, ನನ್ನ ಬಾಯಿಂದ, "ಅದೇ ಇನ್ನೊಂದು ಲೋಟ ಕೊಡಮ್ಮ" ಎಂದೆ. ಹೇಳುವಾಗ ಒಂಥರಾ ಖುಷಿಯೂ ಆಯಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹವೇ ಮೋಸ.

ವ್ಯಾನಿನಲ್ಲಿ ಅಕ್ಕ ಎಲ್ಲರಿಗೂ ಅದೇ ಹೇಳಿದಳು. "ನೀವು ಆ ಸಾಂಬಾರ್ ತಿಂದ್ಕೊಂಡ್ ಸಾಯ್ರಿ. ನಾನ್ ಕುಡ್ದಿದ್ ಪಾನಕ ನಿಮ್ ಏಳ್ ತಲೆಮಾರು ಕುಡ್ದಿಲ್ಲ. ಕಾಯೇ ಇಲ್ದಂಗೆ ಎಂಥಾ ರುಚಿ ಮಾಡವ್ರೆ ಅಂತೀನಿ!" ಊರು ಬರುವ ತನಕ ನನ್ನ ಪಕ್ಕ ಕೂತು ನಗುತ್ತಿದ್ದಳು. ಮರುದಿನ ಎದ್ದಾಗ ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಏನೂ ಆಗಿರಲಿಲ್ಲ. ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಮುಗಿಯಲಿಲ್ಲ. ಅಕ್ಕ ಆ ಪಾನಕವನ್ನು ಮನೆಯಲ್ಲಿ ಮಾಡಲು ಹೊರಟಳು. ಅಕ್ಕಿ ನೆನೆಸಿದಳು, ರುಬ್ಬಿದಳು, ಸೋಸಿದಳು, ಹಸುವಿನ ಹಾಲು ಹಾಕಿದಳು, ಚಕ್ಕೆ ಪುಡಿ ಹಾಕಿದಳು. ಕುಡಿದು, "ಆ ರುಚಿ ಬರ್ಲಿಲ್ಲ" ಎಂದಳು. ಎರಡನೇ ಸಲ ಸಕ್ಕರೆಯ ಬದಲು ಬೆಲ್ಲ ಹಾಕಿದಳು. ಇನ್ನೊಂದು ಸಲ ಎಮ್ಮೆ ಹಾಲು ಕೇಳಿ ತಂದು ಹಾಕಿದಳು. ಪ್ರತಿ ಸಲವೂ ನನ್ನನ್ನು ಕರೆದು ಲೋಟ ಕೊಡುತ್ತಿದ್ದಳು. "ನೀನೂ ಕುಡಿದಿದ್ದೆಯಲ್ಲ, ಏನ್ ಕಮ್ಮಿ ಆಗೈತೆ ಹೇಳ್ಲಾ." ನಾನು ಚೆನ್ನಾಗಿದೆ ಅನ್ನುತ್ತಿದ್ದೆ. "ಇಲ್ಲ ಕಣ್ಲಾ, ಏನೋ ಒಂದ್ ಕಮ್ಮಿ ಆಗೈತೆ. ನಾಲಗೆ ತುದೀಲೈತೆ, ಏನು ಅಂತ ತಿಳೀತಿಲ್ಲ."

ಒಂದು ಭಾನುವಾರ ಮಧ್ಯಾಹ್ನ ಭಾವ ಕುರಿ ಹೊಡೆದುಕೊಂಡು ಹೋಗಿದ್ದರು. ಅಕ್ಕ ಐದನೇ ಸಲವೋ ಆರನೇ ಸಲವೋ ಮಾಡಿ, ಲೋಟ ಹಿಡಿದು ನನ್ನ ಮುಂದೆ ನಿಂತಳು. ಬೆವತಿದ್ದಳು. ರುಬ್ಬಿದ ಅಕ್ಕಿ ಮೊಣಕೈ ತನಕ ಅಂಟಿತ್ತು. "ಈ ಸಲ ಏಲಕ್ಕಿ ಹಾಕಿವ್ನಿ. ನಿಜ ಹೇಳು, ಏನ್ ಕಮ್ಮಿ?"

"ಕಾಯಿ!" ಎಂದು ಕಿರುಚಿದೆ. "ಕಾಯಿ ಕಮ್ಮಿ! ಅದ್ರಲ್ಲಿ ಕಾಯಿಹಾಲು ಇತ್ತು, ಕಾಯಿಹಾಲು!"

ಹೇಳಿದ ರೀತಿ ನೋಡಿ. ತಪ್ಪೊಪ್ಪಿಕೊಳ್ಳುವಾಗಲೂ ನಾನು ಅವಳ ಮೇಲೇ ಕಿರುಚಿದೆ.

ಅವಳು ಲೋಟವನ್ನು ಕಿಟಕಿಯ ಮೇಲಿಟ್ಟಳು. ಬೈಯುತ್ತಾಳೆ, ಅಳುತ್ತಾಳೆ, ಗುಡಿಗೆ ಓಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ನಿಂಗೆ ಯಾವಾಗ ಗೊತ್ತಾಯ್ತು?"

ಆಮೇಲೆ ಗೊತ್ತಾಯಿತು ಎಂದು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆ ಸುಳ್ಳು ಬಾಯಿಯ ತನಕ ಬಂದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀನ್ ಕುಡಿಯೋಕ್ ಮುಂಚೆ" ಎಂದೆ. "ಅವ್ರು ಹಾಕೋದನ್ನ ನೋಡ್ದೆ."

"ಎರಡ್ನೇ ಲೋಟ ನೀನೇ ಹೇಳ್ದಲ್ಲ."

"ಹೂಂ."

"ಆಗ್ಲೂ ಗೊತ್ತಿತ್ತು."

"ಹೂಂ."

ಅವಳು ಗಡಿಗೆಯ ನೀರಿನಲ್ಲಿ ಕೈ ತೊಳೆದಳು, ಮೊಣಕೈ ತನಕ, ನಿಧಾನವಾಗಿ. ನಾನು ಏನೇನೋ ಹೇಳಿದೆ. ಚಕ್ರದ ಮೇಲೆ ಅವಳು ಕೂಗಿದ್ದು, ಹೋಟೆಲ್ಲಿನಲ್ಲಿ ಮಗಳ ಮುಂದೆ ನನ್ನ ಮಾನ ತೆಗೆದಿದ್ದು, ಪಂಕ್ತಿಯಲ್ಲಿ ಗದ್ದ ಎತ್ತಿ ತೋರಿಸುವುದು, ಎಲ್ಲ. ಇಪ್ಪತ್ತೆರಡು ವರ್ಷದ್ದು. ತಿಳಿಯದೆ ಕುಡಿದರೆ ಹರಕೆ ಮುರಿಯುವುದಿಲ್ಲ ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಂಗೆ ಹೇಳ್ಬಾರ್ದಾಗಿತ್ತಾ, ಅವಮಾನ ಆಯ್ತದೆ ಅಂತ" ಎಂದಳು. "ಹೇಳಿದ್ರೆ ಬಾಯಿ ಮುಚ್ಕತಿದ್ದೆ." ಕೈ ಒರೆಸಿಕೊಂಡು, "ಅವತ್ತು ಹಾಸಿಗೇಲಿ ಬಿದ್ದಿದ್ನಲ್ಲ ಒಬ್ಬ ತಮ್ಮ, ನಾನು ಅನ್ನ ತಿನ್ಸಿದ್ರೆ 'ಅಕ್ಕ, ನೀನ್ ಉಂಡ್ಯಾ' ಅಂತ ಮೊದ್ಲು ಕೇಳ್ತಿದ್ದ. ನಾನು ಕಾಯಿ ಬಿಟ್ಟಿದ್ದು ಅವ್ನಿಗೆ. ನಿಂಗಲ್ಲ" ಎಂದಳು.

ನಾನು ಎದ್ದು ಬಂದೆ.

ಮರುದಿನ ಶೆಡ್ಡಿನಲ್ಲಿ ಕೆಲಸ ಶುರುವಾಗಿ ಒಂದು ಗಂಟೆಯಾಗಿತ್ತು. ಅಕ್ಕನ ಕೈಯಲ್ಲಿ ಒಂದು ಉಂಡೆ ಒಡೆಯಿತು. ಒಡೆದ ಹೋಳುಗಳನ್ನು ಎಣ್ಣೆ ಗಾಣಕ್ಕೆಂದು ಬೇರೆ ಕುಕ್ಕೆಗೆ ಹಾಕುತ್ತೇವೆ. ಅವಳು ಹಾಕಲಿಲ್ಲ. ಒಂದು ಹೋಳನ್ನು ಸೆರಗಿನಲ್ಲಿ ಒರೆಸಿ, ಬಾಯಿಗಿಟ್ಟು ಕಚ್ಚಿದಳು. ಸದ್ದು ನನ್ನ ತನಕ ಕೇಳಿಸಿತು.

ಹೆಂಗಸರೆಲ್ಲ ಮಚ್ಚು ಕೆಳಗಿಟ್ಟರು. "ಅಯ್ಯಯ್ಯೋ ಅಕ್ಕಾ! ನಿನ್ ಹರಕೆ?"

"ಮುಗೀತು ಕಣ್ರೇ" ಎಂದಳು, ಅಗಿಯುತ್ತಲೇ. "ಯಾರಿಗ್ ಹೊತ್ತಿದ್ನೋ ಅವ್ನು ಚೆನ್ನಾಗವ್ನೆ. ಇನ್ನೆಷ್ಟ್ ದಿನ?"

ಒಬ್ಬಳು ನನ್ನ ಕಡೆ ತಿರುಗಿ, "ಕೊನೆಗೂ ಪಾರಾದ್ಯಲ್ಲಪ್ಪ!" ಎಂದಳು. ಎಲ್ಲರೂ ನಕ್ಕರು. ಮಧ್ಯಾಹ್ನದ ಊಟಕ್ಕೆ ಪೈಪೋಟಿಯ ಮೇಲೆ ಅವಳ ತಟ್ಟೆಗೆ ಕಾಯಿ ಚಟ್ನಿ, ಕಾಯಿ ಹಾಕಿದ ಪಲ್ಯ ಬಡಿಸಿದರು. ಅಕ್ಕ ಎಲ್ಲವನ್ನೂ ತಿಂದಳು. ಯಾವುದನ್ನೂ ಚೆನ್ನಾಗಿದೆ ಎನ್ನಲಿಲ್ಲ.

ನಾನು ಇಷ್ಟು ವರ್ಷ ಬೇಡಿಕೊಂಡಿದ್ದು ಇದನ್ನೇ. ಈಗ ನನ್ನ ಹೆಂಡತಿ ಒಂದೇ ಪಾತ್ರೆಯಲ್ಲಿ ಸಾರು ಮಾಡುತ್ತಾಳೆ. ಮದುವೆ ಮನೆಯಲ್ಲಿ ಯಾರೂ ತಿರುಗಿ ನನ್ನ ಕಾಲು ನೋಡುವುದಿಲ್ಲ. ಅಕ್ಕ ಮೊದಲಿನಂತೆಯೇ ಬರುತ್ತಾಳೆ, ಮಾತಾಡುತ್ತಾಳೆ, ನನ್ನ ಮಗಳ ಜಡೆ ಹಾಕುತ್ತಾಳೆ. ನನಗೆ ಬಡಿಸುವಾಗ, ಸಾಕಾ ಎಂದು ಮಾತ್ರ ಕೇಳುತ್ತಾಳೆ, ಇನ್ನೊಂದು ಚೂರು ಉಣ್ಣು ಎನ್ನುವುದಿಲ್ಲ. ಹೋದ ತಿಂಗಳು ನನಗೆ ಜ್ವರ ಬಂದು ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, "ಮಾತ್ರೆ ತಗೊಂಡ್ನಾ?" ಎಂದು ಹೆಂಡತಿಯನ್ನು ಕೇಳಿ ಹೋದಳು.

ಅವಳು ಯಾರಿಗೂ ಹೇಳಿಲ್ಲ. ಭಾವನಿಗೂ ಹೇಳಿಲ್ಲ, ನನ್ನ ಮಗಳಿಗೂ ಹೇಳಿಲ್ಲ. ಹೇಳಿದ್ದರೆ ಊರವರು ನನಗೆ ಉಗಿಯುತ್ತಿದ್ದರು, ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆ. ಆ ದಾರಿಯನ್ನೂ ಮುಚ್ಚಿಬಿಟ್ಟಳು. ಅದಕ್ಕಾಗಿ ಅವಳ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ. ಅವಳು ಮುಚ್ಚಿಟ್ಟಿದ್ದನ್ನು ನಾನೇ ಇಲ್ಲಿ ಬರೆದಿದ್ದೇನೆ. ಮಗಳು ಇದನ್ನು ಓದುತ್ತಾಳೆ. ಓದಿ ಅವಳು ಏನು ಕೇಳುತ್ತಾಳೋ ಕೇಳಲಿ, ಉತ್ತರ ಕೊಡುತ್ತೇನೆ, ಈ ಸಲ ಕಿರುಚದೆ.